ಸೂರ್ಯಪ್ರಕಾಶನ ಎಡ ಪೆಡಲು

"ಮೆಲ್ಲಗೆ ಇಳಿಸಯ್ಯಾ, ಅದೇನು ಸಿಮೆಂಟು ಮೂಟೆನಾ?"

ರಿಕ್ಷಾದವನಿಗೆ ಕನ್ನಡ ಬರುತ್ತಿರಲಿಲ್ಲ. ಆದರೆ ನನ್ನ ದನಿಗೆ ಭಾಷೆ ಬೇಕಿಲ್ಲ. ವಿಜಯವಾಡದ ಪಟಮಟದ ಆ ಇಕ್ಕಟ್ಟು ಬೀದಿಯಲ್ಲಿ ಸೈಕಲನ್ನು ತುಂಬಿದ ಹಾಲಿನ ಪಾತ್ರೆಯಂತೆ ಇಳಿಸಿ, ಬೆವರು ಒರೆಸಿಕೊಂಡು ಹೋದ.

ಸುಮಿತ್ರಾ ಹ್ಯಾಂಡಲ್ ಹಿಡಿದು ನಿಂತಳು. ಅದು ಅವಳ ಗಂಡ ಸೂರ್ಯಪ್ರಕಾಶನ ಸೈಕಲ್. ಹೋದ ವಾರ ಸೋಮವಾರ ವಿಶಾಖಪಟ್ಟಣದ ದ್ವಾರಕಾ ನಗರದ ಮನೆಯಿಂದ ಇದರ ಮೇಲೆ ಆಫೀಸಿಗೆ ಹೊರಟವನು ಮರಳಲಿಲ್ಲ. ಶುಕ್ರವಾರ ಮುಂಜಾನೆ ಸಮುದ್ರದ ದಂಡೆಯಲ್ಲಿ ಸೈಕಲ್ ಸಿಕ್ಕಿತು, ಅದರ ಹ್ಯಾಂಡಲ್ಲಿಗೆ ನೇತುಹಾಕಿದ್ದ ಅಂಗಿ ಸಿಕ್ಕಿತು, ಅವನು ಸಿಗಲಿಲ್ಲ.

ಮುಳುಗಿ ಸತ್ತಿದ್ದಾನೆ ಎಂದು ಪೊಲೀಸರು ಬರೆದುಕೊಂಡರು. ಅವನ ತಂದೆ ದುರ್ಗಾಪ್ರಸಾದರು ಅತ್ತು, ಒಪ್ಪಿಕೊಂಡೂ ಬಿಟ್ಟರು. ಹೆಣ ಸಿಗದವರಿಗೆ ದರ್ಭೆಯಲ್ಲಿ ಆಕೃತಿ ಮಾಡಿ ಸುಡುವ ಕ್ರಮ ಉಂಟಲ್ಲ, ಅದನ್ನು ನಾಳೆ ಬೆಳಿಗ್ಗೆ ಇಲ್ಲೇ ವಿಜಯವಾಡದಲ್ಲಿ, ಕೃಷ್ಣೆಯ ದಂಡೆಯ ಮೇಲೆ ಮಾಡುವುದೆಂದು ಗೊತ್ತುಮಾಡಿದ್ದರು.

ಆ ದರ್ಭೆಗೆ ಬೆಂಕಿ ತಗುಲಿದರೆ ಸುಮಿತ್ರಾ ವಿಧವೆ. ಅವಳು ಇನ್ನೂ ಕುಂಕುಮ ಅಳಿಸಿರಲಿಲ್ಲ. "ಅವರು ಸತ್ತಿಲ್ಲ ಅಕ್ಕ, ನನಗೆ ಗೊತ್ತು" ಎಂಬ ಒಂದೇ ಮಾತನ್ನು ಹಿಡಿದುಕೊಂಡು ನನ್ನ ಬಾಗಿಲಿಗೆ ಬಂದಿದ್ದಳು.

"ಸಾಯಂಕಾಲದೊಳಗೆ ಮಾವನ ಮನೆಗೆ ಹೋಗಬೇಕಂತೆ," ಎಂದಳು ಈಗ. "ಪುರೋಹಿತರು ಬರ್ತಾರಂತೆ."

"ಹೋಗಾಣಂತೆ. ಆದ್ರೆ ಬರಿಗೈಲಿ ಹೋಗದು ಬ್ಯಾಡ."

ನಾನು ಕಮಲಾಕ್ಷಿ. ಊರು ದಾವಣಗೆರೆ. ಗಂಡ ಈಶ್ವರಪ್ಪ ನೌಕಾಪಡೆಯ ಹಡಗಿನಲ್ಲಿ ಎಂಜಿನ್ ನೋಡಿಕೊಳ್ಳುತ್ತಾರೆ, ಹೀಗಾಗಿ ವರ್ಷದಲ್ಲಿ ಅರ್ಧ ಕಾಲ ನಮ್ಮ ಮನೆಯ ಯಜಮಾನಿಕೆ ನೀರಿನ ಮೇಲೆ ತೇಲುತ್ತಿರುತ್ತದೆ. ವಿಶಾಖಪಟ್ಟಣದ ಹೊರವಲಯದ ಪೆಂಡುರ್ತಿಯಲ್ಲಿ ನನ್ನದೊಂದು ಷೆಡ್ಡಿದೆ. ಗುಜರಿಗೆ ಹೋಗಬೇಕಾಗಿದ್ದ ಸೈಕಲ್ಲುಗಳನ್ನು ತಂದು, ಪೂರ್ತಿ ಬಿಚ್ಚಿ, ಯಾರು ದಿನಾ ಓಡಿಸುತ್ತಾರೋ ಅವರ ಮೈಗೆ ಹೊಂದುವಂತೆ ಮತ್ತೆ ಕಟ್ಟುವುದು ನನ್ನ ಕೆಲಸ. ಸೀರೆ ಉಡುವ ನರ್ಸಿಗೆ ಒಂದು ಥರ, ಬೆನ್ನುನೋವಿನ ಗುಮಾಸ್ತನಿಗೆ ಇನ್ನೊಂದು ಥರ. ಅಳತೆ ತಗೊಳ್ಳದೆ ರವಿಕೆ ಹೊಲಿಯುವ ದರ್ಜಿಯನ್ನು ಯಾರಾದರೂ ನಂಬುತ್ತಾರೆಯೆ?

ಪತ್ತೇದಾರಿಕೆ ಉದ್ಯೋಗವಲ್ಲ, ಚಟ. ಎರಡರಲ್ಲೂ ನನ್ನ ಕೈ ಒಳ್ಳೆಯದೆಂದು ಊರೇ ಹೇಳುತ್ತದೆ. ಊರು ಹೇಳದಿದ್ದರೆ ನಾನೇ ಹೇಳುತ್ತೇನೆ.

ಸೂರ್ಯಪ್ರಕಾಶನ ಎಡಗಾಲು ಬಲಗಾಲಿಗಿಂತ ಗಿಡ್ಡ. ಚಿಕ್ಕಂದಿನಲ್ಲಿ ಮುರಿದು, ಸರಿಯಾಗಿ ಕೂಡಲಿಲ್ಲ. ಎಡ ಬೂಟಿಗೆ ದಪ್ಪ ಅಟ್ಟೆ ಹೊಲಿಸಿಕೊಂಡು ನಡೆಯುವುದರಿಂದ ಹೊರಗಿನವರಿಗೆ ಗೊತ್ತಾಗುವುದೇ ಇಲ್ಲ. ಸೈಕಲ್ ಮೇಲೆ ಮಾತ್ರ ಆ ಕಾಲು ಪೆಡಲನ್ನು ತಳದವರೆಗೆ ಮುಟ್ಟುತ್ತಿರಲಿಲ್ಲ, ಸೊಂಟ ಹೊರಳಿಸಿ ಹೊರಳಿಸಿ ತುಳಿಯುತ್ತಿದ್ದ. ನಾನು ಎಡಗಡೆಯ ಕ್ರ್ಯಾಂಕನ್ನು, ಅಂದರೆ ಪೆಡಲ್ ಕೂರುವ ಉಕ್ಕಿನ ತೋಳನ್ನು, ಕತ್ತರಿಸಿ ಗಿಡ್ಡ ಮಾಡಿ ಬೆಸೆದುಕೊಟ್ಟೆ. ಮೊದಲ ದಿನ ಒಂದು ಸುತ್ತು ಹಾಕಿ ಬಂದವನು ಇಳಿಯಲೇ ಇಲ್ಲ, ಸೀಟಿನ ಮೇಲೆ ಕೂತೇ ನಗುತ್ತಿದ್ದ.

ಪೊಲೀಸರು ವಾಪಸ್ ಕೊಟ್ಟ ಸೈಕಲನ್ನು ಸುಮಿತ್ರಾ ನನ್ನ ಷೆಡ್ಡಿಗೆ ತಂದಾಗ ನಾನು ಪೆಡಲ್ ತಿರುಗಿಸಿ ನೋಡಿದೆ. ಎರಡೂ ಕಡೆ ಸಮ.

ಯಾರೋ ನನ್ನ ಗಿಡ್ಡ ಕ್ರ್ಯಾಂಕನ್ನು ಬಿಚ್ಚಿ, ಬಲಗಡೆಯದಕ್ಕೆ ಜೊತೆಯಾಗುವ ಹಳೆಯ ವಿಲಾಯಿತಿ ಕ್ರ್ಯಾಂಕ್ ಹಾಕಿದ್ದರು. ಅದನ್ನು ಅಚ್ಚಿಗೆ ಬಿಗಿಯುವ ಕಾಟರ್ ಪಿನ್ನನ್ನು ಅರ ಹಿಡಿದು ಚೊಕ್ಕವಾಗಿ ಕೂರಿಸಿದ್ದರು. ಪಿನ್ನಿನ ನಟ್ಟಿನ ಕೆಳಗೆ ತಾಮ್ರದ ತೆಳ್ಳನೆಯ ವಾಷರ್ ಇತ್ತು.

"ಇದನ್ನ ಮಾಡಿದೋನಿಗೆ ಸೈಕಲ್ ಗೊತ್ತು, ನಿನ್ನ ಗಂಡ ಗೊತ್ತಿಲ್ಲ," ಎಂದು ನಾನು ಆವತ್ತೇ ತೀರ್ಪು ಕೊಟ್ಟೆ. "ಎರಡು ಕ್ರ್ಯಾಂಕು ಹೆಚ್ಚುಕಡಿಮೆ ಇದ್ದದ್ದು ಕಂಡು, ಯಾರೋ ದಡ್ಡಿ ತಪ್ಪು ಮಾಡ್ಯಾಳ ಅಂತ ಸರಿಮಾಡ್ಯಾನ. ಸೈಕಲ್ ಕೆಲಸದೋರ ಕೈ ಹಂಗೇ, ಓರೆ ಕಂಡ್ರೆ ಸುಮ್ನಿರಲ್ಲ."

ಇದರಿಂದ ಶಂಕರ ಪಾರಾದ. ಶಂಕರನೆಂದರೆ ಸೂರ್ಯಪ್ರಕಾಶನ ಆಫೀಸಿನಲ್ಲಿ ಪಕ್ಕದ ಮೇಜಿನವನು. ಬಡ್ತಿಯ ವಿಷಯಕ್ಕೆ ಇಬ್ಬರೂ ಕೈಕೈ ಮಿಲಾಯಿಸಿದ್ದರಂತೆ, ಮೊದಲಿಗೆ ನನ್ನ ಅನುಮಾನವೂ ಅವನ ಮೇಲೇ ಇತ್ತು. ಆದರೆ ಅವನಿಗೆ ಆ ಕಾಲಿನ ಕತೆ ಚೆನ್ನಾಗಿ ಗೊತ್ತು, ಜೊತೆಗೆ ಪಂಕ್ಚರ್ ಹಾಕಲೂ ಬರುವುದಿಲ್ಲ.

ಉಳಿದದ್ದು ತಾಮ್ರದ ವಾಷರ್. ಕಾಟರ್ ಪಿನ್ನಿಗೆ ತಾಮ್ರ ಹಾಕುವವರು ನನಗೆ ತಿಳಿದಂತೆ ಈ ಸೀಮೆಯಲ್ಲಿ ಒಬ್ಬರೇ. ಪಟಮಟದ ದಕ್ಷಿಣಾಮೂರ್ತಿಗಳು. ಮದುವೆಯಾದ ಹೊಸತರಲ್ಲಿ ನಾದಿನಿಯ ಮನೆಗೆಂದು ವಿಜಯವಾಡಕ್ಕೆ ಬಂದಿದ್ದಾಗ ಇವರ ಅಂಗಳದಲ್ಲಿ ಕೂತೇ ನಾನು ಅರ ಹಿಡಿಯಲು ಕಲಿತದ್ದು.

ಹೌದು, ನನ್ನ ಗುರುಗಳು. ಆದರೂ ಸೈಕಲನ್ನು ರೈಲಿನ ಸಾಮಾನು ಡಬ್ಬಿಗೆ ಹಾಕಿಸಿ ನೇರ ಇಲ್ಲಿಗೇ ತಂದೆ.

ಗೇಟು ತಳ್ಳಿದೆ.

ಬೇವಿನ ಮರದ ಕೆಳಗೆ ಹಲಗೆಯ ಮೇಲೆ ಕೂತು ಗುರುಗಳು ಮಜ್ಜಿಗೆ ಕುಡಿಯುತ್ತಿದ್ದರು. ಸುತ್ತ ಬಿಚ್ಚಿದ ಸೈಕಲ್ಲುಗಳು, ಗೋಡೆಗೆ ಒರಗಿದ ರಿಮ್ಮುಗಳು. ಅವರ ಅಜ್ಜನ ಕಾಲದಲ್ಲೇ ಬಳ್ಳಾರಿ ಬಿಟ್ಟು ಬಂದ ಮನೆತನ. ಕನ್ನಡ ಉಳಿದಿದೆ, ಅರ್ಧ ತೆಲುಗಿನಲ್ಲಿ ನೆನೆದು.

"ಏಮ್ಮಾ ಕಮಲಾ! ಹೇಳದೆ ಕೇಳದೆ ಬಂದುಬಿಟ್ಟೆಯಲ್ಲ! ರಾಮ್ಮಾ, ರಾ, ಕೂತ್ಕೋ! ಏಯ್ ಕಾಂತಂ, ಮಜ್ಜಿಗೆ ತಾರೇ!"

ಅವರ ಹೆಂಡತಿ ಲಕ್ಷ್ಮೀಕಾಂತಮ್ಮ ಎರಡು ಲೋಟ ತಂದರು. ಸುಮಿತ್ರಾ ಜಗಲಿಯ ಕಂಬಕ್ಕೆ ಒರಗಿ ಕೂತಳು. ಅವಳು ಯಾರೆಂದು ನಾನು ಹೇಳಲಿಲ್ಲ, "ನಮ್ಮ ಹುಡುಗಿ" ಎಂದಷ್ಟೇ ಅಂದೆ.

ಸೈಕಲನ್ನು ಗುರುಗಳ ಎದುರಿಗೇ ಸ್ಟ್ಯಾಂಡ್ ಹಾಕಿ ನಿಲ್ಲಿಸಿದೆ.

ಯಾವ ಸೈಕಲ್ ಎದುರಿಗೆ ಬಂದರೂ ಗುರುಗಳ ಕೈ ತಾನಾಗಿ ಹೋಗಿ ಟೈರು ಅದುಮುತ್ತದೆ, ಚಕ್ರ ತಿರುಗಿಸುತ್ತದೆ. ಬೀಗರ ಮನೆಯ ಮದುವೆಯಲ್ಲಿ ಚಪ್ಪರದ ಹೊರಗೆ ನಿಲ್ಲಿಸಿದ್ದ ಸೈಕಲ್ಲುಗಳನ್ನೂ ಬಿಟ್ಟವರಲ್ಲ. ಆವತ್ತು ಕೈ ಲೋಟ ಬಿಟ್ಟು ಅಲ್ಲಾಡಲಿಲ್ಲ.

"ಯಾರದಮ್ಮಾ ಇದು?" ಎಂದರು, ಮರದ ಕಡೆ ನೋಡುತ್ತ.

"ಗಿರಾಕಿದು. ಯಾವನೋ ಕಟುಕ ಕೈ ಹಾಕ್ಯಾನ್ರಿ. ನಿಮಗೆ ತೋರ್ಸಾಣ ಅಂತ ಹೊತ್ಕಂಡು ಬಂದೆ."

"ಕಟುಕನಾ?"

"ಮತ್ತೇನ್ರಿ. ಈ ಪಿನ್ನು ನೋಡ್ರಿ. ಅರ ಹಿಡಿದಾನೋ ಕೊಬ್ಬರಿ ತುರಿದಾನೋ ಗೊತ್ತಾಗಲ್ಲ. ಇನ್ನೊಂದು ವಾರ ತುಳಿದ್ರೆ ಕಟಕಟ ಅಂತೈತಿ."

ಗುರುಗಳು ಒಂದು ಗುಟುಕು ಮಜ್ಜಿಗೆ ಕುಡಿದರು. "ಬೇರೆ ಪಿನ್ ಹಾಕು. ಅದಕ್ಕೆ ಇಷ್ಟು ದೂರ ಬರಬೇಕಿತ್ತಾ?"

"ಪಿನ್ ಹಾಕಬಹುದು. ಈ ಕ್ರ್ಯಾಂಕಿಗೆ ಏನು ಮಾಡ್ಲಿ? ತಗಡು ಮಾಲು. ಗುಜರಿಯೋನು ಬ್ಯಾಡ ಅಂತ ಎಸೆದಿದ್ದನ್ನ ತಂದು ಜೋಡಿಸ್ಯಾನ."

ಅವರ ಕಿವಿ ಕೆಂಪಾಯಿತು. ನಾನು ಬಿಡಲಿಲ್ಲ.

"ನಗು ಬರೋದು ಇದಕ್ಕೆ ನೋಡ್ರಿ, ತಾಮ್ರದ ವಾಷರ್! ನಿಮ್ಮ ಕೆಲಸ ಎಲ್ಲೋ ಕದ್ದು ನೋಡ್ಯಾನ ಮೂಳ. ತಾಮ್ರ ಹಾಕಿದ ಕೂಡ್ಲೇ ದಕ್ಷಿಣಾಮೂರ್ತಿ ಆಗಿಬಿಡ್ತೀನಿ ಅಂತ ತಿಳ್ಕಂಡಾನ. ಪಾಪ, ಆ ಕೈ ಎಲ್ಲಿಂದ ತರ್ತಾನ?"

ಲೋಟ ಹಲಗೆಯ ಮೇಲೆ ಠಣ್ಣನೆ ಕೂತಿತು.

"ತಗಡಾ? ಯಾವುದು ತಗಡು? ಅದು ವಿಲಾಯಿತಿ ಉಕ್ಕು ಕಣಮ್ಮಾ! ನಿಮ್ಮಪ್ಪ ಚಡ್ಡಿ ಹಾಕ್ತಿದ್ದ ಕಾಲದ್ದು! ಕೊಬ್ಬರಿ ತುರಿದಂಗಿದೆಯಂತೆ! ಒಂದು ಬೆಳಗೆಲ್ಲ ಅರ ಹಿಡಿದು ಕೂರಿಸಿದೀನಿ ಆ ಪಿನ್ನನ್ನ! ಎಲ್ಲಿ, ಸುತ್ತಿಗೆ ತಗೊಂಡು ಹೊಡಿ, ಕೂದಲೆಳೆ ಅಲ್ಲಾಡಿದ್ರೆ ನಾನು ಈ..."

ಅಲ್ಲಿಗೆ ನಿಂತಿತು ಮಾತು. ಬಾಯಿ ಮಾತ್ರ ಇನ್ನೂ ತೆರೆದೇ ಇತ್ತು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಬೇರೆ ಕಸುಬಿನವನಾಗಿದ್ದರೆ ಪೊಲೀಸರು ಬಡಿದರೂ ಬಾಯಿ ಬಿಡುತ್ತಿರಲಿಲ್ಲವೇನೋ. ಒಳ್ಳೆಯ ಕೆಲಸಗಾರನಿಗೆ ತನ್ನ ಕೆಲಸವನ್ನು ಬೈಯುವುದು ಕೇಳಿಸಿಕೊಂಡು ಕೂರಲು ಆಗುವುದಿಲ್ಲ. ನನಗೂ ಆಗುವುದಿಲ್ಲ, ಅದಕ್ಕೇ ಈ ಮದ್ದು ಗೊತ್ತಿತ್ತು. ಗುರುವಿಗೇ ತಿರುಮಂತ್ರ ಹಾಕಿದ್ದಕ್ಕೆ ಹೆಮ್ಮೆಯೂ ಆಯಿತು, ನಾಚಿಕೆಯೂ ಆಯಿತು.

"ನಾನು ಆಗಲೇ ಬೇಡ ಅನ್ನಲಿಲ್ಲವೇನಂಡಿ?" ಎಂದು ಲಕ್ಷ್ಮೀಕಾಂತಮ್ಮ ಬಾಗಿಲಿನಿಂದ ಗೊಣಗಿದರು. "ಹೆಸರು ಹೇಳದೆ, ಯಾರಿಗೂ ಹೇಳಬೇಡಿ ಅನ್ನೋರ ಕೆಲಸ ನಮಗೆ ಯಾಕೆ ಅಂತ?"

"ಗುರುಗಳೇ," ಎಂದೆ. "ಕೆಲಸ ಬಂಗಾರದಂಗೈತಿ. ಬೈದಿದ್ದೆಲ್ಲ ಸುಳ್ಳು, ತಪ್ಪಾತು. ಈಗ ನಿಜ ಹೇಳ್ರಿ. ಈಕೆ ಸುಮಿತ್ರಾ. ಈ ಸೈಕಲ್ ಓಡಿಸ್ತಿದ್ದೋರ ಹೆಂಡ್ತಿ. ನಾಳೆ ಬೆಳಿಗ್ಗೆ ಇವಳ ಗಂಡನ ಕರ್ಮ ಐತಿ."

"ಕರ್ಮವಾ? ಯಾರ ಕರ್ಮ?"

"ಈ ಸೈಕಲ್ಲಿನೋರದು. ಸಮುದ್ರದಾಗೆ ಮುಳುಗಿ ಸತ್ರಂತ."

"ನಿಂಗೇನು ತಲೆ ಕೆಟ್ಟಿದೆಯಾ?" ಗುರುಗಳು ಎದ್ದೇ ನಿಂತರು. "ಎಡಗಾಲಿಗೆ ದಪ್ಪ ಬೂಟಿನ ಹುಡುಗ ತಾನೆ? ಮೊನ್ನೆ ಭಾನುವಾರ ಇದೇ ಹಲಗೆ ಮೇಲೆ ಕೂತು ಕಾಫಿ ಕುಡಿದು ಹೋದನಲ್ಲಮ್ಮಾ!"

ಭಾನುವಾರ. ಶುಕ್ರವಾರ ಸತ್ತವನು ಭಾನುವಾರ ಕಾಫಿ ಕುಡಿದಿದ್ದ.

ನಾನು ಸುಮಿತ್ರಾಳ ಕಡೆ ತಿರುಗಿದೆ. ಅಳುತ್ತಾಳೆ, ಕುಸಿಯುತ್ತಾಳೆ ಎಂದುಕೊಂಡಿದ್ದೆ. ಅವಳು ಕಂಬ ಹಿಡಿದು ಎದ್ದು ನಿಂತು ಕೇಳಿದ್ದು ಒಂದೇ ಮಾತು.

"ಬಡವಾಗಿದ್ರಾ?"

"ಇಲ್ಲಮ್ಮಾ," ಎಂದರು ಗುರುಗಳು, ದನಿ ತಗ್ಗಿಸಿ. "ಚೆನ್ನಾಗಿದ್ದ. ಗಡ್ಡ ಬಿಟ್ಟಿದ್ದ, ಅಷ್ಟೆ."

ಆಗ ಅವಳ ಕಣ್ಣು ತುಂಬಿತು. ನನ್ನದೂ ತುಂಬಿತು, ಆದರೆ ಕೆಲಸದ ನಡುವೆ ಅದಕ್ಕೆ ಸಮಯವಿರಲಿಲ್ಲ.

"ಇದನ್ನ ನಿಮ್ಮ ಹತ್ರ ತಂದೋರು ಯಾರು?" ಎಂದು ಕೇಳಿದೆ. "ಅವರ ಕಾಲಿನ ವಿಷಯ ಗೊತ್ತಿಲ್ದೋರೇ ತಂದಿರ್ಬೇಕು. ನಿಮಗೂ ಗೊತ್ತಿರ್ಲಿಲ್ಲ, ಅದಕ್ಕೇ ಎರಡೂ ಕಡೆ ಸಮ ಮಾಡಿದ್ರಿ. ಹೌದಲ್ರಿ?"

"ಯಾರು ಹೇಳಿದ್ದು ನಿಂಗೆ? ಕಳೆದ ಬುಧವಾರ ಅವನೇ ತಂದ. ಬೂಟು ಬಿಚ್ಚಿ ಕಾಲು ತೋರಿಸಿದ. 'ಇದು ನನ್ನ ಕಾಲಿಗೆ ಅಂತ ಮಾಡಿಸಿದ್ದು, ತುಂಬಾ ಚೆನ್ನಾಗಿ ಮಾಡಿದಾರೆ. ಆದರೆ ಇನ್ನು ಮೇಲೆ ಓಡಿಸೋರಿಗೆ ಕಾಲು ಸರಿಯಿದೆ. ವಯಸ್ಸಾದವರು, ಮಂಡಿ ನೋಯಬಾರದು. ಸಮ ಮಾಡಿಕೊಡಿ' ಅಂದ."

ವಿಶಾಖಪಟ್ಟಣದಿಂದ ರೈಲಿನಲ್ಲಿ ಹೊತ್ತು ತಂದಿದ್ದ ನನ್ನ ತೀರ್ಪು ಗುರುಗಳ ಅಂಗಳದಲ್ಲಿ ಪಂಕ್ಚರ್ ಆಯಿತು. ಕಾಲು ಗೊತ್ತಿಲ್ಲದವನು ಮಾಡಿದ ತಪ್ಪಲ್ಲ ಅದು. ಕಾಲು ನೋವು ಏನೆಂದು ಚೆನ್ನಾಗಿ ಗೊತ್ತಿದ್ದವನು ಇನ್ನೊಬ್ಬರಿಗೆ ಆ ನೋವು ಬೇಡವೆಂದು ಮಾಡಿಸಿದ್ದು. ಸೂರ್ಯಪ್ರಕಾಶ ಅಂಥವನೇ ಎಂದು ನನಗೆ ಹೊಳೆಯಬೇಕಾಗಿತ್ತು.

ಇರಲಿ. ಪಂಕ್ಚರ್ ಆಯಿತೆಂದು ಸೈಕಲ್ ಎಸೆಯುವ ಜಾತಿ ನಾನಲ್ಲ.

"ಓಡಿಸೋರು ಯಾರು?"

"ಜೊತೆಗೇ ಬಂದಿದ್ರು. ಗಂಜಿ ಹಾಕಿದ ಪಂಚೆ, ಬಿಳಿ ಮೀಸೆ, ಆ ವಯಸ್ಸಿಗೂ ಬೆನ್ನು ನೆಟ್ಟಗೆ. ಕೆಲಸ ಮುಗಿದ ಮೇಲೆ ಇದೇ ಅಂಗಳದಲ್ಲಿ ಎರಡು ಸುತ್ತು ಹಾಕಿದ್ರು. 'ನಾನ್ನಾ, ಮೆಲ್ಲಗೆ' ಅಂತ ಈ ಹುಡುಗ ಹಿಂದೆ ಹಿಂದೆ ಓಡ್ತಿದ್ದ. ಅಪ್ಪ ಇರಬೇಕು."

ಸುಮಿತ್ರಾ ಜಗಲಿ ಇಳಿದು ಬಂದಳು.

"ಮಾವ ಸ್ಕೂಲಲ್ಲಿ ಡ್ರಿಲ್ ಮಾಸ್ತರಾಗಿದ್ರು," ಎಂದಳು ನಿಧಾನವಾಗಿ. "ಅಕ್ಕಾ, ಶುಕ್ರವಾರ ಪೊಲೀಸರು ಬಂದು ಹೇಳಿದ್ಮೇಲೆ ನಾನು ಹೋಗಿ ಟೆಲಿಗ್ರಾಂ ಕೊಟ್ಟೆ. ಕೊಟ್ಟು ಮನೆಗೆ ಬಂದರೆ ಮಾವ ಬಾಗಿಲಲ್ಲಿ ನಿಂತಿದ್ರು. ಸುದ್ದಿ ಸಿಕ್ಕ ಕೂಡಲೇ ಓಡಿ ಬಂದೆ ಅಂತ ನನ್ನ ತಬ್ಬಿಕೊಂಡು ಅತ್ರು. ನನಗೆ ಆಗ ತಲೆನೇ ಓಡಲಿಲ್ಲ. ವಿಜಯವಾಡದಿಂದ ಅಷ್ಟು ಬೇಗ ಹೇಗೆ ಬರೋಕಾಗುತ್ತೆ?"

"ಅವರು ವಿಜಯವಾಡದಿಂದ ಬರ್ಲಿಲ್ಲ," ಎಂದೆ. "ಸಮುದ್ರದ ದಂಡೆಯಿಂದ ಬಂದ್ರು. ಸೈಕಲನ್ನ ರೈಲಿನಾಗೆ ವಾಪಸ್ ತಂದು, ದಂಡೆಗೆ ತುಳ್ಕಂಡು ಹೋಗಿ ನಿಲ್ಸಿ, ಅಂಗಿ ನೇತುಹಾಕಿ, ಹೊತ್ತು ಕಳೆಯಕ್ಕೆ ಊರೆಲ್ಲ ಸುತ್ತಿ."

ಮಗ ಬದುಕಿದ್ದಾನೆಂದು ತಿಳಿದೂ ಒಬ್ಬ ತಂದೆ ದರ್ಭೆ ಹೊಂದಿಸುತ್ತಿದ್ದ, ಪುರೋಹಿತ ಹೇಳಿದ್ದನ್ನೆಲ್ಲ ತರಿಸುತ್ತಿದ್ದ, ನಾಳೆ ಬೆಳಿಗ್ಗೆ ಮಗನ ಹೆಸರು ಹೇಳಿ ಬೆಂಕಿ ಇಡಲಿದ್ದ. ಸೊಸೆ ಬಂದು ಮೂಲೆಯಲ್ಲಿ ಕೂರಲೆಂದು ಕಾಯುತ್ತಿದ್ದ. ಯಾವ ಭಯ ಒಬ್ಬ ಅಪ್ಪನಿಂದ ಇದನ್ನೆಲ್ಲ ಮಾಡಿಸೀತು?

"ಭಾನುವಾರ ಮತ್ತೆ ಯಾಕೆ ಬಂದಿದ್ರು?" ಎಂದು ಸುಮಿತ್ರಾ ಕೇಳಿದಳು.

ಗುರುಗಳು ಹೆಂಡತಿಯ ಮುಖ ನೋಡಿದರು. ಆಕೆ ಸೆರಗನ್ನು ಬಾಯಿಗಿಟ್ಟುಕೊಂಡು ಒಳಗೆ ಹೋದರು.

"ರಾಮ್ಮಾ," ಎಂದು ಗುರುಗಳು ಹಿಂದಿನ ಷೆಡ್ಡಿಗೆ ನಡೆದರು. ಮೂಲೆಯಲ್ಲಿ ಗೋಣಿತಾಟು ಹೊದಿಸಿದ್ದನ್ನು ಎಳೆದರು.

ಸೈಕಲ್. ಹಳೆಯ ಫ್ರೇಮಿಗೆ ಹೊಸ ಹಸಿರು ಬಣ್ಣ. ಪಂಚೆ, ಪ್ಯಾಂಟು ಯಾವುದೂ ಸಿಕ್ಕಿಕೊಳ್ಳದಂತೆ ಪೂರ್ತಿ ಮುಚ್ಚಿದ ಚೈನು. ಕತ್ತಲಿಗೆ ಡೈನಮೋ, ಬುತ್ತಿಗೆ ಅಗಲವಾದ ಕ್ಯಾರಿಯರ್. ನಾನು ಬಗ್ಗಿ ಪೆಡಲ್ ತಿರುಗಿಸಿದೆ. ಎಡಗಡೆಯ ಕ್ರ್ಯಾಂಕ್ ಗಿಡ್ಡ. ಬೆಸುಗೆಯ ಮೇಲೆ ಬೆರಳಾಡಿಸಿದರೆ ಎಲ್ಲಿ ಕತ್ತರಿಸಿದ್ದರೆಂದೇ ತಿಳಿಯುತ್ತಿರಲಿಲ್ಲ. ನನ್ನದಕ್ಕಿಂತ ಒಂದು ಕೈ ಮೇಲು, ಹೇಳಲು ಹೊಟ್ಟೆಯುರಿಯುತ್ತದೆ.

ಇದು ಓಡಿಹೋಗುವವನ ಸೈಕಲ್ಲಲ್ಲ. ದಿನಾ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಕೆಲಸಕ್ಕೆ ಹೋಗಿ, ಕತ್ತಲಾದ ಮೇಲೆ ಮನೆಗೆ ಬರುವವನದು. ಎಲ್ಲೋ ಒಂದು ಹೊಸ ಊರು, ಹೊಸ ಕೆಲಸ.

"ಅವರದೇ," ಎಂದು ಸುಮಿತ್ರಾ ಸೀಟು ಮುಟ್ಟಿದಳು. ಮುಖ ಅರಳಿತ್ತು. ಆ ಕೈ ಸೀಟಿನಿಂದ ಮುಂದಕ್ಕೆ ಸರಿದು, ಅಡ್ಡ ಪೈಪಿನ ಮೇಲೆ ನಿಂತಿತು.

ಅಲ್ಲಿ ಇನ್ನೊಂದು ಸೀಟಿತ್ತು. ಅಂಗೈಯಗಲದ ಹಲಗೆಗೆ ಕೆಂಪು ರೆಕ್ಸಿನ್ ಹೊದಿಸಿ, ಸುತ್ತ ಕಂಬಿ ಕಟ್ಟಿ, ಕೆಳಗೆ ಪುಟ್ಟ ಪಾದಗಳಿಗೆ ಎರಡು ಮೆಟ್ಟಿಲು ಬೆಸೆದಿದ್ದರು.

"ನಮಗೆ ಮಕ್ಕಳಿಲ್ಲ," ಎಂದಳು ಸುಮಿತ್ರಾ. ಯಾರೂ ಕೇಳಿರಲಿಲ್ಲ.

ಗುರುಗಳು ತಲೆ ತಗ್ಗಿಸಿದರು. "ಅಳತೆ ಇಲ್ಲದೆ ನಾನು ಮಾಡಲ್ಲ ಅಂತ ನಿಂಗೆ ಗೊತ್ತಲ್ಲ ಕಮಲಾ. ಅದಕ್ಕೇ ಭಾನುವಾರ ಮಗೂನ ಕರ್ಕೊಂಡು ಬಂದಿದ್ದ. ಹೆಣ್ಣುಮಗು. ಮೂರು ವರ್ಷ ಇದ್ದೀತು."

"ಆ ಮಗು ಅವರನ್ನ ಏನಂತ ಕರೀತಿತ್ತು?"

"ಏನಂತಲೂ ಇಲ್ಲಮ್ಮಾ. ಬಾಯೇ ಬಿಡಲಿಲ್ಲ. ಕಾಂತಂ ಬೆಲ್ಲ ಕೊಟ್ಟರೂ ತಗೊಳ್ಳಲಿಲ್ಲ. ಬೀದಿಯಲ್ಲಿ ಒಂದು ಜೀಪ್ ಹೋಯಿತು ನೋಡು, ಆ ಸದ್ದಿಗೆ ಓಡಿ ಅವನ ಕಾಲು ತಬ್ಬಿಕೊಂಡಿದ್ದು ಬಿಡಲೇ ಇಲ್ಲ. ಅವನೂ ಬೆವೆತುಹೋಗಿದ್ದ."

ಅಪ್ಪನಿಂದ ಇದನ್ನೆಲ್ಲ ಮಾಡಿಸಿದ ಭಯ ಜೀಪಿನಲ್ಲಿ ಬರುವಂಥದ್ದು ಎಂದುಕೊಂಡೆ. ಹೊರಗೆ ಸಿಟಿ ಬಸ್ಸೊಂದು ಹಾರನ್ ಹೊಡೆಯುತ್ತ ಹೋಯಿತು.

"ಯಾವಾಗ ಬರ್ತಾರ್ರಿ ತಗೊಂಡು ಹೋಗಕ್ಕೆ?" ಎಂದೆ.

"ನಾಳೆ ಮಧ್ಯಾಹ್ನ. 'ಬೆಳಿಗ್ಗೆ ಮನೇಲಿ ಒಂದು ಕಾರ್ಯ ಇದೆ, ಮುಗಿಸಿ ಬರ್ತೀವಿ' ಅಂದ್ರು ಅವರಪ್ಪ. ಭಾನುವಾರ ಅವರೂ ಜೊತೆಗಿದ್ರು."

ಕಾರ್ಯ! ನನಗೆ ರಕ್ತ ಕುದಿಯಿತು. "ನಡಿ ಸುಮಿತ್ರಾ. ಈಗ್ಲೇ ನಿಮ್ಮ ಮಾವನ ಮನೆಗೆ ಹೋಗಾಣ. ಪುರೋಹಿತರ ಮುಂದೇನೇ ಕೇಳ್ತೀನಿ ನಾನು. ಅದು ಹೆಂಗೆ ನಡಿತೈತೋ ನಾಳೆ ಕರ್ಮ, ನೋಡೇ ಬಿಡಾಣ."

"ಬೇಡ ಅಕ್ಕಾ."

ಅವಳು ಇನ್ನೂ ಆ ಪುಟ್ಟ ಸೀಟಿನ ಕಂಬಿ ಹಿಡಿದೇ ಇದ್ದಳು. ಇಷ್ಟು ದಿನ ನನ್ನ ಹಿಂದೆ ಹಿಂದೆ ಬರುತ್ತಿದ್ದ ಹುಡುಗಿಯ ದನಿಯಾಗಿರಲಿಲ್ಲ ಅದು.

"ನಿಲ್ಲಿಸಿದರೆ ಅವರಿಗೆ ಗೊತ್ತಾಗುತ್ತೆ. ಈ ಸೈಕಲ್ ಇಲ್ಲೇ ಉಳಿಯುತ್ತೆ, ಅವರು ಇನ್ನೆಲ್ಲಿಗೋ ಹೋಗಿಬಿಡ್ತಾರೆ. ಕರ್ಮ ನಡೀಲಿ. ನಾನು ಹೋಗಿ ಎಲ್ಲರ ಮುಂದೆ ಕೂತು ಅಳ್ತೀನಿ. ಬದುಕಿರೋ ಮಗನಿಗೆ ಬೆಂಕಿ ಇಡೋಕೆ ಮಾವನ ಕೈಲಾದ್ರೆ, ಅಳೋಕೆ ನನ್ನ ಕೈಲಾಗಲ್ವಾ?"

"ಹುಚ್ಚಿ! ಕರ್ಮ ಆದ್ರೆ ನಿನ್ನ ಕುಂಕುಮ, ಬಳೆ, ತಾಳಿ..."

ಮಾತು ಮುಗಿಯುವ ಮೊದಲೇ ಅವಳು ಕೊರಳಿಗೆ ಕೈಹಾಕಿ ಮಾಂಗಲ್ಯದ ಸರವನ್ನು ತಾನೇ ತೆಗೆದಳು. ಲಕ್ಷ್ಮೀಕಾಂತಮ್ಮ ಬಾಗಿಲಲ್ಲಿ "ಅಯ್ಯಯ್ಯೋ!" ಎಂದು ಚೀರಿದರು. ಸುಮಿತ್ರಾ ಅದನ್ನು ಗ್ರೀಸ್ ಮೆತ್ತಿದ ನನ್ನ ಅಂಗೈಯಲ್ಲಿಟ್ಟು, ನನ್ನ ಬೆರಳುಗಳನ್ನು ಒಂದೊಂದಾಗಿ ಮಡಿಸಿದಳು.

"ನಾಳೆ ಮಧ್ಯಾಹ್ನ ಇದನ್ನ ಇಲ್ಲಿಗೆ ತನ್ನಿ. ಅವರ ಕೈಯಿಂದಲೇ ಕಟ್ಟಿಸ್ಕೋತೀನಿ, ಇಲ್ಲಾ ಅವರ ಮುಖದ ಮೇಲೆ ಎಸೀತೀನಿ. ಯಾವುದು ಅಂತ, ಆ ಮಗು ಮುಖದಲ್ಲಿ ಅವರ ಹೋಲಿಕೆ ಇದೆಯಾ ನೋಡಿ ಹೇಳ್ತೀನಿ."